ಸಾರಥಿಗೆ ಸುಳ್ಳು ಹೇಳದ ಕಳ್ಳ

ನಮ್ಮ ಕಲ್ಲೂರಿನ ಅಯ್ಯಣ್ಣ ಕಾಕಾ ಹಿಟ್ಟಿನ ಗಿರಣಿ ನಡೆಸುತ್ತಾರೆ, ಬಯಲಾಟ ಕಲಿಸುತ್ತಾರೆ. ಗಿರಣಿ ತಿರುಗುವಾಗ ಓದುವುದು ಮಾತ್ರ ಪತ್ತೇದಾರಿ ಕಾದಂಬರಿ. ಕೊನೆಯವರೆಗೂ ಕಳ್ಳ ಯಾರೆಂದು ತಿಳಿಯದ ಒಂದು ಆಟ ಆಡಿಸಬೇಕು, ಒಬ್ಬರೂ ನಡುವೆ ಎದ್ದು ಹೋಗಬಾರದು. ಇದು ಅವರ ಬಹುದಿನದ ಆಸೆ.

ಮಗಳನ್ನು ಕರೆದುಕೊಂಡು ರಾಯಚೂರಿನಿಂದ ತವರಿಗೆ ಬಂದಿದ್ದೆ. ಕಾಕಾ ಹಿಡಿದು ಕೂಡಿಸಿದರು. "ಯವ್ವಾ, ನೀ ಕನ್ನಡದಾಗ ಎಂ.ಎ. ಮಾಡಿದಾಕಿ. ಕಥಿಯೊಳಗಿನ ಸಾಮಾನಿಗೆಲ್ಲ ಏನೇನಂತಾರ, ಹೇಳು."

ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಲೇ ಹೇಳಿದೆ: ಕಥಾವಸ್ತು, ಸಂಘರ್ಷ, ಸುಳಿವು, ದಾರಿ ತಪ್ಪಿಸುವ ಸುಳಿವು, ಪರಾಕಾಷ್ಠೆ.

"ಎಲ್ಲಾ ಅದಾವ ನನ್ನ ಆಟದಾಗ!"

ರಾಣಿಯ ಮುತ್ತಿನ ಹಾರ ಕಳುವಾಗುತ್ತದೆ. ಕದ್ದವನು ದಿವಾನ, ಆ ವೇಷ ಜಂಬಣ್ಣನದು. ಪತ್ತೇದಾರನ ವೇಷ ಅಮೀನನದು. ಆಟ ನಡೆಸಿಕೊಡುವ ಸಾರಥಿ ಸ್ವತಃ ಕಾಕಾ. ಬಯಲಾಟದಲ್ಲಿ ಯಾವ ಪಾತ್ರ ಬಂದರೂ ಸಾರಥಿ "ತಾವು ಯಾರು?" ಎಂದು ಕೇಳಬೇಕು, ಪಾತ್ರ ತನ್ನ ಹೆಸರು, ಗುಣ ಎಲ್ಲಾ ಹೇಳಿಕೊಳ್ಳಬೇಕು. ತಾಲೀಮಿನಲ್ಲಿ ಜಂಬಣ್ಣ ಗತ್ತಿನಿಂದ ಹೇಳಿಯೇಬಿಟ್ಟ: "ಹಾರ ಕದ್ದ ದಿವಾನ ನಾನೇ!"

"ಲೇ ಜಂಬ್ಯಾ, ಈಗ ಹೇಳಿದ್ರ ಮುಂದ ಹುಡುಕೂದೇನು?"

"ಸಾರಥಿಗೆ ಸುಳ್ಳು ಹೇಳಾಕ ಬರ್ತದೇನು? ರಾಕ್ಷಸನ ವೇಷ ಹಾಕಿದಾಗೂ ರಾಕ್ಷಸ ಅಂತನ ಹೇಳೀನಿ."

ಕದ್ದ ಮಾತೊಂದು ಬಿಟ್ಟು ಉಳಿದದ್ದು ಹೇಳು ಎಂದು ಕಾಕಾ ಕಡೆಗೆ ಕೈಮುಗಿದು ಒಪ್ಪಿಸಿದ್ದಾಯಿತು. ಆಟದ ದಿನ ಸಂಜೆ ಶಾಲೆಯ ಬಯಲು ತುಂಬಿತ್ತು. ದಿವಾನ ವೇದಿಕೆಗೆ ಬಂದಾಗ ಕಾಕಾ ಅಂಜುತ್ತಲೇ ಕೇಳಿದರು, "ತಾವು ಯಾರು?"

ಬಣ್ಣ ಹಚ್ಚಿದ ಮೇಲೆ ಜಂಬಣ್ಣನಿಗೆ ಮಾತು ಕೊಟ್ಟದ್ದು ಎಲ್ಲಿಯ ನೆನಪು? "ರಾಣಿಯ ಹಾರ ಕದ್ದು ಪೇಟಾದೊಳಗೆ ಮುಚ್ಚಿಟ್ಟ ದಿವಾನ ನಾನೇ!"

ಕಾಕಾನ ಕೈಯ ತಾಳ ನಿಂತಿತು. ಯಾರು ಮೊದಲು ಏಳುತ್ತಾರೋ ಎಂದು ಜನರನ್ನೇ ನೋಡಿದರು.

ಅಷ್ಟರಲ್ಲಿ ಅಮೀನ್ ಬಂದು ಜಂಬಣ್ಣನಿಗೆ ನಮಸ್ಕರಿಸಿದ. "ದಿವಾನರೇ, ನಿಮ್ಮಂಥ ಸಜ್ಜನರು ಜೊತಿಗಿದ್ರ ಕಳ್ಳ ಸಿಕ್ಕಂಗ!"

"ಏ ಅಮೀನಾ, ಅವನ ತಲಿ ನೋಡೋ ಹುಚ್ಚಪ್ಪಾ!" ಮುಂದಿನ ಸಾಲಿನಲ್ಲಿ ಕೂತಿದ್ದ ಊರಿನ ಮುದುಕಿ ವೆಂಕಮ್ಮಾಯಿ ಕೂಗಿದಳು. "ಪೇಟಾ! ಪೇಟಾ!" ಎಂದು ಹುಡುಗರು.

ಅಮೀನ್ ಕುರ್ಚಿಯ ಕೆಳಗೆ ಹುಡುಕಿದ. ಕಾಕಾನ ಮುಖ ಅರಳಿತು. ತಾಳ ಹಾಕುತ್ತಾ, "ಪತ್ತೇದಾರರೇ, ಇನ್ನೆಲ್ಲಿ ಹುಡುಕುವಿರಿ?" ಎಂದರು. ಅಮೀನ್ ಮದ್ದಳೆಯ ಹಿಂದೆ ಇಣುಕಿದ, ಸಾರಥಿಯ ಜೇಬಿಗೂ ಕೈ ಹಾಕಿದ. ಪೇಟಾದಿಂದ ಜಾರಿದ ಹಾರದ ಮುತ್ತು ಜಂಬಣ್ಣನ ಕಿವಿಯ ಮೇಲೆ ಜೋಲಾಡುತ್ತಿತ್ತು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿಯಿತು. ಏನೂ ತಿಳಿಯದ ಮಗಳು ಚಪ್ಪಾಳೆ ತಟ್ಟಿದಳು.

ವೆಂಕಮ್ಮಾಯಿ ಎದ್ದಳು. ಕಾಕಾ ಗಾಬರಿಯಾದರು. ಆಕೆ ನೆಟ್ಟಗೆ ವೇದಿಕೆ ಹತ್ತಿ ದಿವಾನನ ಪೇಟಾ ಕಿತ್ತಳು!

ಆಟ ಮುಗಿದ ಮೇಲೆ ಹೇಳಿದೆ, "ನೋಡೋರಿಗೆ ಗೊತ್ತಿದ್ದು ಪಾತ್ರಕ್ಕ ಗೊತ್ತಿಲ್ಲದ್ದಕ್ಕ ನಾಟಕೀಯ ವ್ಯಂಗ್ಯ ಅಂತಾರ, ಕಾಕಾ."

"ಏನರ ಅನ್ನಲಿ, ಯಾರೂ ಎದ್ದು ಹೋಗಲಿಲ್ಲಲ್ಲ!"

"ವೆಂಕಮ್ಮಾಯಿ ಎದ್ದಳಲ್ಲ."

"ಎದ್ದಳು ಖರೆ, ಮನಿಗೆ ಹೋಗಲಿಲ್ಲ. ದೇವದುರ್ಗದವರು ಆಟ ಕೇಳ್ಯಾರ. ಅಕಿನ್ನೂ ಕರ್ಕೊಂಡು ಹೋಗಬೇಕು. ಅಕಿ ಇಲ್ಲಂದ್ರ ಕಳ್ಳನ್ನ ಹಿಡಿಯೋರ್ಯಾರು?"