ಡಾರ್ಕಸ್ ಇಳಿಸಿಕೊಟ್ಟ ಲೋಟಗಳು

ಇಂಗ್ಲೆಂಡಿನ ಡೆವನ್ ಸೀಮೆಯ ನಮ್ಮ ಹಳ್ಳಿಯಲ್ಲಿ ‘ನೇಗಿಲು’ ಎಂಬ ಪಬ್ ನಡೆಸುತ್ತಿದ್ದವಳು ಡಾರ್ಕಸ್ ಟ್ರೆಮ್ಲೆಟ್. ಅವಳಿಗಿಂತ ಮೊದಲು ಅವಳಪ್ಪ, ಅದಕ್ಕೂ ಮೊದಲು ಅಜ್ಜ. ಕಟ್ಟಡ ಮಾತ್ರ ಬಿಯರ್ ಕಂಪನಿಯದು. ಈ ಮಾರ್ಚಿನಲ್ಲಿ ಕಂಪನಿ ಅದನ್ನು ಲಂಡನ್ನಿನ ಯಾರಿಗೋ ವಾಸದ ಮನೆಯೆಂದು ಮಾರಿಬಿಟ್ಟಿತು. ‘ಗಿರಾಕಿಗಳೇ ಇಲ್ಲ’ ಎಂದು ಊರಿಗೆಲ್ಲ ಪತ್ರ ಬರೆದರು, ಆ ಸೂಟುಬೂಟಿನ ಕಳ್ಳರು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ಡಾರ್ಕಸಳದು ಹರಿತ ನಾಲಿಗೆ. ಪಾದ್ರಿಯನ್ನೂ ಬಿಟ್ಟವಳಲ್ಲ: “ಉಪದೇಶ ಚರ್ಚಲ್ಲಿ ಮಾಡಿ ಸ್ವಾಮಿ, ಇಲ್ಲಿ ಕುಡೀರಿ!” ಆದರೆ ಹುಳಿ ಬಿಯರನ್ನು ಒಬ್ಬರಿಗೂ ಕೊಟ್ಟವಳಲ್ಲ. ಪೀಪಾಯಿ ತೆರೆದರೆ ಮೂರ್ನಾಲ್ಕು ದಿನದೊಳಗೆ ಮುಗಿಯಬೇಕು, ಇಲ್ಲವಾದರೆ ಚರಂಡಿಗೆ. ಈ ಚಳಿಗಾಲದಲ್ಲಿ ಅವಳು ದಿನಾ ಬೆಂಕಿ ಹೊತ್ತಿಸಿ ಕಾದಳು. ಪೀಪಾಯಿಗಟ್ಟಲೆ ಚರಂಡಿಗೆ ಸುರಿದಳು.

ಕಾಯಂ ಗಿರಾಕಿಗಳಿಗೆ ಅವರವರದೇ ತವರದ ಲೋಟ, ತೊಲೆಯ ಕೊಕ್ಕೆಯಲ್ಲಿ. ಸತ್ತರೂ ಅಲ್ಲಿಂದ ತೆಗೆದುಹಾಕುವಂತಿಲ್ಲ. ಸತ್ತವರ ಲೋಟಗಳನ್ನು ಭಾನುವಾರ ಡಾರ್ಕಸ್ಸೇ ಉಜ್ಜುತ್ತಿದ್ದಳು. ನಮ್ಮದನ್ನು ಮುಟ್ಟುತ್ತಿರಲಿಲ್ಲ: “ಬದುಕಿರೋರದ್ದು ಬಳಸಿದ್ರೆ ತಾನೇ ಹೊಳೆಯುತ್ತೆ.”

ಕೊನೆಯ ದಿನ ಮಧ್ಯಾಹ್ನ ಇಡೀ ಊರು ನುಗ್ಗಿತು. ಕಾಲಿಡಲು ಜಾಗವಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

“ಹಾಳಾಗಿ ಹೋಗ್ಲಿ ಆ ಕಂಪನಿ! ಹಾಕು ಡಾರ್ಕಸ್, ಎಲ್ರಿಗೂ ಒಂದೊಂದು ಪೈಂಟು ಬಿಯರು!”

“ಪೀಪಾಯಿ ತೆರೆದಿಲ್ಲ, ಗಿಲ್ಬರ್ಟ್.”

“ಇವತ್ತೂ ತೆರೀದೆ ಇನ್ಯಾವತ್ತು ತೆರೀತೀಯ ಮಾರಾಯ್ತಿ?”

“ಫೆಬ್ರವರೀಲಿ ತೆರೆದಿದ್ದೆ. ಎಲ್ಲಿ ಸತ್ತಿದ್ರಿ ಆಗ? ಸೂಪರ್‌ಮಾರ್ಕೆಟ್ ಬಿಯರ್ ಡಬ್ಬ ಹಿಡ್ಕೊಂಡು ಟೀವಿ ಮುಂದೆ ಕೂತಿದ್ದೋರು, ಇವತ್ತು ಹೆಣ ನೋಡೋಕ್ ಬಂದ್ರಾ?”

ಅವಳು ಸ್ಟೂಲು ಹತ್ತಿ ನಮ್ಮ ಲೋಟಗಳನ್ನು ಇಳಿಸಿ, ಹೆಸರು ಕೂಗಿ ಒಬ್ಬೊಬ್ಬರ ಕೈಗೂ ಕೊಟ್ಟಳು. ನನ್ನದರೊಳಗೆ ಜೇಡ ಬಲೆ ಕಟ್ಟಿತ್ತು. ಧೂಳಿನ ಮೇಲೆ ನನ್ನ ಹೆಬ್ಬೆರಳ ಗುರುತು ಮೂಡಿತು. ಕಂಪನಿಯನ್ನು ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ತೊಲೆಯಲ್ಲಿ ಉಳಿದವು ಸತ್ತವರ ಹನ್ನೊಂದು ಲೋಟ, ಥಳಥಳ ಹೊಳೆಯುತ್ತಿದ್ದವು. ಅವನ್ನು ಡಾರ್ಕಸ್ ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಟ್ಟಳು.

“ಎಲ್ಲಿಗೆ ಒಯ್ತೀಯ ಅವನ್ನ?” ಎಂದೆ.

“ತಂಗಿ ಮನೆಗೆ. ನನ್ನ ಗಿರಾಕಿಗಳು ಇವರೇ.”