ಕಿಟಕಿಯೆದುರಿನ ಬಿಳಿ ಓಕ್

ಅಮೆರಿಕದ ಕಮ್ಮಿಂಗ್‌ನ ನಮ್ಮ ಬಡಾವಣೆಯಲ್ಲಿ ರಾಜಲಕ್ಷ್ಮಿಯವರು ಕೂತದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಗಂಡನಿಗೆ ಸ್ನಾನ, ಪೂಜೆ, ಗಂಜಿ. ನರ್ಸ್ ಬಂದ ಮೇಲೆ ಫಾರ್ಮಸಿಯಲ್ಲಿ ನಿಂತೇ ಡ್ಯೂಟಿ. ಸಂಜೆ ಮತ್ತೆ ಅದೇ ಪಾಡು. "ಸುಸ್ತಾಗಲ್ವಾ ಆಂಟಿ?" ಎಂದರೆ, "ಆಗತ್ತಮ್ಮ, ಅದಕ್ಕೂ ಟೈಮ್ ಬೇಕಲ್ಲ" ಎನ್ನುತ್ತಿದ್ದರು.

ಗಂಡ ಸೂರ್ಯನಾರಾಯಣರು ಸ್ಟ್ರೋಕ್ ಆಗುವ ಮೊದಲು ನಮ್ಮ ಮರದ ಕಮಿಟಿಯ ಮುಖ್ಯಸ್ಥರು. 2020ರಲ್ಲಿ ರಸ್ತೆಯ ಇಕ್ಕೆಲಕ್ಕೆ ಯಾವ ಮರ ಎಂಬ ಜಗಳದಲ್ಲಿ, ಹೂವಿನ ಮರವೇ ಬೇಕೆಂದವರ ಬಾಯಿ ಮುಚ್ಚಿಸಿ ಬಿಳಿ ಓಕ್ ತರಿಸಿದ್ದು ಅವರೇ. ಸಾಲುಮರಕ್ಕೆಂದೇ ಬೆಳೆಸಿದ ತಳಿ. ಕೊಂಬೆ ಹರಡದೆ ನೆಟ್ಟಗೆ ಏರುತ್ತದೆ. ಚಳಿಗಾಲದಲ್ಲಿ ಒಣಗಿದ ಎಲೆಯನ್ನೂ ಉದುರಿಸುವುದಿಲ್ಲ. "ಸತ್ತಿಲ್ಲ ರೀ, ಚಿಗುರೋ ತನಕ ಕಾಯಿರಿ. ಬುಡಕ್ಕೆ ಮಾತ್ರ ಏನೂ ಗುಡ್ಡೆ ಹಾಕ್ಬೇಡಿ, ತೊಗಟೆ ಕೊಳೆಯತ್ತೆ" ಎಂದು ಮನೆಮನೆಗೂ ಹೋಗಿ ನಮ್ಮ ತಲೆ ತಿಂದಿದ್ದರು. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೂ ಕೇಳಿಸಿಕೊಳ್ಳುವ ಬಿಡುವು ಅವರಿಗೆಲ್ಲಿತ್ತು.

ಸ್ಟ್ರೋಕ್ ಆದ ಮೇಲೆ ಅವರ ಲೋಕವೆಂದರೆ ಒಂದು ಕಿಟಕಿ, ಅದರೆದುರು ಅವರೇ ಕೈಯಾರೆ ನೆಟ್ಟ ಓಕ್. ಅವರು ಮಾಡುತ್ತಿದ್ದ ಪೂಜೆಯೂ ಹೆಂಡತಿಯ ಪಾಲಿಗೆ ಬಂತು. ದೇವರಿಗೇರಿಸಿದ ಹೂವು, ಅಭಿಷೇಕದ ಹಾಲು-ನೀರು ಯಾರೂ ತುಳಿಯದ ಕಡೆ ಹಾಕಬೇಕಲ್ಲ. ಸಿಂಕ್‌ಗೆ ಸುರಿಯಲು ಮನಸ್ಸಿಲ್ಲ, ಹಿತ್ತಲಿಗೆ ಪಕ್ಕದ ಮನೆಯ ನಾಯಿಯ ಕಾಟ. ಗಂಡನ ಮರದ ಬುಡವೇ ಸರಿ ಎಂದುಕೊಂಡು ದಿನವೂ ಅಲ್ಲೇ ಹಾಕಿ, ಕಾಂಡದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು.

2024ರ ಏಪ್ರಿಲ್‌ನಲ್ಲಿ ಸಾಲೆಲ್ಲ ಚಿಗುರಿತು. ಅದೊಂದೇ ಕಂದು ಎಲೆ ಹೊತ್ತು ನಿಂತಿತ್ತು. ಚಿಗುರದ ಮರವನ್ನು ಕೀಳಿಸಬೇಕೆಂದು ಕಮಿಟಿ ಹೇಳಿತು, ಆ ಸುದ್ದಿ ಮುಟ್ಟಿಸಲು ನನ್ನನ್ನು ಮುಂದೆ ತಳ್ಳಿತು. ಒಳ್ಳೆ ಸುದ್ದಿಯಾಗಿದ್ದರೆ ಇವರೆಲ್ಲ ನಾ ಮುಂದು ತಾ ಮುಂದು ಎಂದು ಓಡುತ್ತಿದ್ದರು.

ರಾಜಲಕ್ಷ್ಮಿಯವರ ಎದುರಿಗೇ ಬುಡದ ಕೊಳೆತ ಸೇವಂತಿಗೆಯ ಗುಡ್ಡೆ ಸರಿಸಿದೆ. ತೊಗಟೆ ಕೈಗೇ ಬಂತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೊಳೆತ ತೊಗಟೆ ನೋಡಿದ್ದೇ ಅವರಿಗೆ ಅರ್ಥವಾಯಿತು. ಒಳಗೆ ಹೋಗಿ ಗಂಡನ ಕುರ್ಚಿ ಹಿಡಿದು ನಿಂತರು.

"ರೀ, ನಿಮ್ಮ ಮರಾನ ನಾನೇ ಸಾಯಿಸ್ಬಿಟ್ಟೆ. ದಿನಾ ಕಿಟಕಿಯಿಂದ ನೋಡ್ತಿದ್ರಲ್ಲ, ಒಂದ್ ಮಾತು ಹೇಳ್ಬಾರ್ದಿತ್ತಾ?"

ಸೂರ್ಯನಾರಾಯಣರಿಗೆ ಈಗ ಮಾತು ತೊದಲು. ತಡೆತಡೆದು ಹೇಳಿದರು: "ಗೊತ್ತಿತ್ತು ಕಣೇ. ಇಡೀ ದಿನದಲ್ಲಿ ನೀನು ಸುಮ್ನೆ ನಿಲ್ತಿದ್ದಿದ್ದು ಅಲ್ಲೊಂದೇ ಕಡೆ. ಹೇಳಿದ್ರೆ ನೀನು ಅದನ್ನೂ ಬಿಟ್ಬಿಡ್ತಿದ್ದೆ."

ಫಾರ್ಮಸಿಗೆ ಹೊತ್ತಾಗುತ್ತಿತ್ತು. ರಾಜಲಕ್ಷ್ಮಿಯವರು ಇನ್ನೊಂದು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತರು.