ಉಲ್ಲಾಳದ ಬಿಳಿ ಚೌಕ

ಕೆಂಗೇರಿ ಹತ್ತಿರದ ಉಲ್ಲಾಳದಲ್ಲಿ ಸೈಟು ಮಾರುತ್ತಿದ್ದವರೊಬ್ಬರು ತಮ್ಮ ವೆಬ್‌ಸೈಟಿಗೆ ಬಡಾವಣೆಯ ಮ್ಯಾಪು ಬೇಕೆಂದು ಚಂದ್ರಾ ಲೇಔಟಿನ ನನ್ನ ಆಫೀಸಿಗೆ ಬಂದಿದ್ದರು. ಮ್ಯಾಪು ಇದ್ದದ್ದು ಬೇರೆಯವರ ಸರ್ವರಿನಲ್ಲಿ. ಅಲ್ಲಿಂದ ನೇರವಾಗಿ ಮಾಹಿತಿ ತರಲು ಬ್ರೌಸರು ಬಿಡುತ್ತಿರಲಿಲ್ಲ. ನಮ್ಮ ಸರ್ವರಿನಲ್ಲಿ ಒಂದು ಪ್ರಾಕ್ಸಿ ಸ್ಕ್ರಿಪ್ಟ್ ಇಟ್ಟರೆ ಅದು ಅಲ್ಲಿ ಕೇಳಿ, ತಂದು, ನಮ್ಮ ಪುಟಕ್ಕೆ ಕೊಡುತ್ತದೆ.

ಇಟ್ಟೆ. ಪುಟ ತೆರೆದ ಕೂಡಲೇ ಅವರ ಬಡಾವಣೆಯೇ ದೊಡ್ಡದಾಗಿ ಕಾಣುವಂತೆ ಮಾಡಿದ್ದೆ. ಕಂಡದ್ದು ಬಿಳಿ ಚೌಕ. ಸ್ಕ್ರಿಪ್ಟನ್ನು ಮತ್ತೆ ಬರೆದೆ, ಬಿಳಿ. ಫೈಲಿನ ಪರ್ಮಿಷನ್ ಬದಲಿಸಿದೆ, ಆಗಲೂ ಬಿಳಿ. ಸರ್ವರ್ ಬಾಡಿಗೆಗೆ ಕೊಟ್ಟವನಿಗೆ ಫೋನ್ ಮಾಡಿದರೆ, "ನಮ್ಮ ಕಡೆ ಎಲ್ಲ ಸರಿ ಇದೆ ಸಾರ್, ನಿಮ್ಮ ಸ್ಕ್ರಿಪ್ಟ್ ನೋಡ್ಕೊಳ್ಳಿ" ಎಂದ. ಫೋನ್ ಕುಕ್ಕಿದೆ. ಮೂರು ದಿನ ಹೀಗೇ ತಲೆ ಚಚ್ಚಿಕೊಂಡೆ.

ನಾಲ್ಕನೆಯ ದಿನ ಸೈಟು ಮಾರುವವರೇ ಬಂದರು. ಮೌಸ್ ಹಿಡಿದು ಬಿಳಿ ಚೌಕವನ್ನು ಸುಮ್ಮನೆ ಪಕ್ಕಕ್ಕೆ ಎಳೆದರು. ಮೈಸೂರು ರಸ್ತೆ ಬಂತು, ಕೆಂಗೇರಿಯ ರೈಲು ಹಳಿ ಬಂತು. ನನ್ನ ಸ್ಕ್ರಿಪ್ಟು ಮೊದಲ ದಿನದಿಂದಲೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತು! ಒಮ್ಮೆಯೂ ಪಕ್ಕಕ್ಕೆ ಎಳೆದು ನೋಡದ ನನ್ನ ಬುದ್ಧಿಗೆ ಏನು ಹೇಳಲಿ?

"ಸರಿಯಾಗೇ ಬಂದಿದ್ಯಲ್ಲ ಸಾರ್" ಎಂದರು ಅವರು. "ಅಲ್ಲಿ ರಸ್ತೆ ಎಲ್ಲಿದೆ? ಬರೀ ಕಲ್ಲು ನೆಟ್ಟಿದೀವಿ. ಆದ್ರೆ ಇದನ್ನ ಹಾಕ್ಬೇಡಿ, ಜನ ನೋಡ್ಬಿಡ್ತಾರೆ. ನಮ್ಮ ಬ್ರೋಷರ್ ಚಿತ್ರ ಹಾಕಿ, ಅದ್ರಲ್ಲಿ ರಸ್ತೆ, ಪಾರ್ಕು ಎಲ್ಲಾ ಇದೆ."

ಅದನ್ನು ಹಾಕಲು ಐದು ನಿಮಿಷ ಸಾಕಾಯಿತು.